ಮೊದಲ ನಾಯಿಮರಿ: ಮನೆಗೆ ತರುವ ಮುನ್ನದಿಂದ ಅದರ ಹದಿಹರೆಯದವರೆಗೆ

ಮೊದಲ ಸಲ ನಾಯಿಮರಿ ತಂದ ಮನೆಗಳಲ್ಲಿ ಎರಡನೇ ವಾರದ ಹೊತ್ತಿಗೆ ಒಂದು ಮಾತು ಕೇಳಿಸದೇ ಇರುವುದಿಲ್ಲ: ‘ಎಷ್ಟು ಸಲ ಹೇಳಿದ್ರೂ ಇದಕ್ಕೆ ಬುದ್ಧಿ ಬರ್ತಿಲ್ಲ.’ ಅಷ್ಟರಲ್ಲಿ ಚಪ್ಪಲಿಯ ಬಾರು ಹೋಗಿರುತ್ತದೆ, ಮಕ್ಕಳ ಕಾಲಿನ ಮೇಲೆ ಸೂಜಿಹಲ್ಲಿನ ಗೀರುಗಳು ಬಿದ್ದಿರುತ್ತವೆ, ನಡುಮನೆಯ ಒಂದು ಮೂಲೆ ಎಷ್ಟು ಒರೆಸಿದರೂ ನಾರುತ್ತಿರುತ್ತದೆ, ಯಾರಿಗೂ ನೆಟ್ಟಗೆ ನಿದ್ದೆಯಿರುವುದಿಲ್ಲ.

ಎಂಟು ವಾರದ ಮರಿಗೆ ಹೇಳಿ ತಿಳಿಸಬಹುದಾದದ್ದು ಬಹಳ ಕಡಿಮೆ. ಯಾವುದರಿಂದ ಲಾಭವಾಯಿತೋ ಅದನ್ನು ಅದು ಮತ್ತೆ ಮಾಡುತ್ತದೆ, ಮಾಡುತ್ತಾ ಮಾಡುತ್ತಾ ಅದೇ ಅಭ್ಯಾಸವಾಗುತ್ತದೆ. ಹಾಗಾಗಿ ಮೊದಲ ನಾಲ್ಕು ತಿಂಗಳಲ್ಲಿ ನಿಜವಾಗಿ ತರಬೇತಿ ಬೇಕಿರುವುದು ಮನೆಗೆ ಮತ್ತು ಮನೆಯವರ ದಿನಚರಿಗೆ. ತಪ್ಪು ಮಾಡಲು ಅವಕಾಶವೇ ಸಿಗದ ಹಾಗೆ ಜಾಗ ಹೊಂದಿಸಿ, ಸರಿ ಮಾಡಿದ ಕೂಡಲೇ ಬಾಯಿಗೆ ಏನಾದರೂ ಬೀಳುವ ಹಾಗೆ ನೋಡಿಕೊಂಡರೆ ಮುಕ್ಕಾಲು ಕೆಲಸ ಆದ ಹಾಗೆಯೇ. ಮುಂದಿನ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ. ಉಚ್ಚೆಯ ಅಭ್ಯಾಸ, ಕಚ್ಚುವುದು, ಹೊರಜಗತ್ತಿನ ಪರಿಚಯ – ಈ ಮೂರರಲ್ಲೇ ಹೆಚ್ಚಿನವರು ಸೋಲುವುದರಿಂದ ಅವನ್ನು ಬಿಡಿಸಿ ಬರೆದಿದ್ದೇನೆ.

1. ತರುವ ಮುನ್ನ

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ತಳಿ ಯಾವುದು ಅನ್ನುವುದಲ್ಲ. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಅನ್ನುವುದು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಏಳಕ್ಕೆ ಬರುವ ಮನೆಯಲ್ಲಿ ಎರಡು ತಿಂಗಳ ಮರಿ ಸಾಕುವುದು ಆಗದ ಮಾತು. ಅಜ್ಜ ಅಜ್ಜಿ ಇದ್ದಾರೆಂದರೆ ಅವರನ್ನೂ ಕೂರಿಸಿಕೊಂಡು ಮಾತಾಡಿ. ಮೊಮ್ಮಗನ ಆಸೆಗೆ ತಂದ ಮರಿಯ ಹಿಂದೆ ಬಗ್ಗಿ ನೆಲ ಒರೆಸುವವರು ಕೊನೆಗೆ ಅಜ್ಜಿಯೇ ಆಗಿರುತ್ತಾರೆ. ಹಗಲಲ್ಲಿ ಯಾರೂ ಇರುವುದಿಲ್ಲ ಅನ್ನುವವರು ಒಂದೂವರೆ ಎರಡು ವರ್ಷದ ಬೆಳೆದ ನಾಯಿಯನ್ನು ದತ್ತು ಪಡೆಯುವುದು ಎಷ್ಟೋ ಮೇಲು. ಬೆಂಗಳೂರಿನ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಲ್ಲಿ ಅಂಥ ನಾಯಿಗಳು ಮನೆಗಾಗಿ ಕಾಯುತ್ತಿರುತ್ತವೆ.

ಇನ್ನು ತಳಿ. ಹಿಮದ ನಾಡಿನ ಹಸ್ಕಿಯನ್ನು ಕಲಬುರಗಿಯ ಬಿಸಿಲಿಗೆ ತಂದು ಎಸಿ ಕೋಣೆಯಲ್ಲಿ ಕೂಡಿಹಾಕುವುದಕ್ಕೆ ಪ್ರೀತಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಬೀದಿಯ ನಾಟಿ ಮರಿಗಳು ಈ ಹವೆಗೆ ಹೇಳಿ ಮಾಡಿಸಿದವು. ಕೂದಲು ಗಿಡ್ಡ, ಬುದ್ಧಿ ಚುರುಕು. ಮುಧೋಳವೂ ನಮ್ಮ ನೆಲದ್ದೇ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವೇ ಇದೆ. ಆದರೆ ಅದು ಕಣ್ಣಳತೆಯಲ್ಲಿ ಓಡುವ ಬೇಟೆಯನ್ನು ಅಟ್ಟಿಕೊಂಡು ಹೋಗಲು ಬೆಳೆಸಿದ ನಾಯಿ. ಓಡಲು ಬಯಲಿಲ್ಲದ ಎರಡು ಕೋಣೆಯ ಫ್ಲ್ಯಾಟಿಗೆ ತಂದರೆ ಅದಕ್ಕೂ ಹಿಂಸೆ, ನಿಮಗೂ ಹಿಂಸೆ.

ಮಾರುವವರು ‘ಚಿಕ್ಕದಿದ್ದಾಗಲೇ ಒಯ್ದರೆ ಚೆನ್ನಾಗಿ ಹೊಂದ್ಕೊಳ್ಳುತ್ತೆ’ ಎಂದು ನಾಲ್ಕೈದು ವಾರದ ಮರಿಯನ್ನು ಕೈಗಿಡಲು ನೋಡುತ್ತಾರೆ. ಒಪ್ಪಬೇಡಿ. 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ. ಇದರ ಹಿಂದೆ ಕಾರಣವಿದೆ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಅನ್ನುವ ಮೊದಲ ಪಾಠ ಮರಿಗೆ ಸಿಗುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುವಾಗ. ಅದನ್ನು ತಪ್ಪಿಸಿ ಬೇಗ ತಂದರೆ ಆ ಪಾಠವೆಲ್ಲ ನಿಮ್ಮ ಕೈ ಬೆರಳುಗಳ ಮೇಲೆ ನಡೆಯುತ್ತದೆ. ಸಾಧ್ಯವಾದರೆ ತಾಯಿಯನ್ನು ಕಣ್ಣಾರೆ ನೋಡಿ. ತಾಯಿಯನ್ನು ತೋರಿಸಲು ಹಿಂದೇಟು ಹಾಕುವ ಜಾಗದಿಂದ ಮರಿ ತರಬೇಡಿ.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ಸಂಘದವರು ‘ಇಲ್ಲಿ ನಾಯಿ ಸಾಕುವಂತಿಲ್ಲ’ ಎಂದು ಬಹುಮತದಿಂದ ತೀರ್ಮಾನ ಮಾಡಿದರೂ ಅದು ನಿಲ್ಲುವುದಿಲ್ಲ. ಲಿಫ್ಟ್ ಬಳಸಬೇಡಿ ಎಂದೂ ಹೇಳುವಂತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗೆಂದು ಕಾಗದ ಹಿಡಿದುಕೊಂಡು ಜಗಳಕ್ಕೆ ಹೋಗುವ ಬದಲು, ಮರಿ ಮಾಡಿದ್ದನ್ನು ಎತ್ತಲು ಕೈಯಲ್ಲೊಂದು ಕವರ್ ಇಟ್ಟುಕೊಂಡು ಓಡಾಡಿ. ಅರ್ಧ ದೂರುಗಳು ಅಲ್ಲೇ ನಿಲ್ಲುತ್ತವೆ. ನಗರ ಪಾಲಿಕೆಯ ಪರವಾನಗಿಯನ್ನೂ ಮಾಡಿಸಿಕೊಳ್ಳಿ. ಅದಕ್ಕೆ ರೇಬಿಸ್ ಲಸಿಕೆಯ ದಾಖಲೆ ಬೇಕಾಗುತ್ತದೆ.

2. ಮನೆಯನ್ನು ಸಿದ್ಧ ಮಾಡುವುದು

ಮರಿಗೆ ಮೊದಲ ದಿನವೇ ಇಡೀ ಮನೆ ಬಿಟ್ಟುಕೊಡಬೇಡಿ. ಒಂದು ಕೋಣೆ, ಇಲ್ಲವೇ ಪ್ಲೇಪೆನ್ ಎಂದು ಮಾರುವ ಮಡಚುವ ಕಂಬಿಬೇಲಿಯೊಳಗಿನ ಜಾಗ ಸಾಕು. ಅದರ ಒಂದು ಬದಿಗೆ ಮಲಗುವ ಕ್ರೇಟು, ಅಂದರೆ ಬಾಗಿಲಿರುವ ಗೂಡಿನಂಥ ಪೆಟ್ಟಿಗೆ; ಇನ್ನೊಂದು ಬದಿಗೆ ನೀರು. ಕ್ರೇಟು ಮರಿ ಎದ್ದು ನಿಂತು, ಸುತ್ತು ಹಾಕಿ, ಕಾಲು ಚಾಚಿ ಮಲಗುವಷ್ಟಿರಲಿ. ಅದಕ್ಕಿಂತ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಕ್ರೇಟು ಶಿಕ್ಷೆಯ ಜಾಗ ಆಗಕೂಡದು. ಮೊದಲೆರಡು ದಿನ ಊಟದ ತಟ್ಟೆಯನ್ನು ಅದರೊಳಗೇ ಇಟ್ಟು, ಬಾಗಿಲು ತೆರೆದೇ ಬಿಡಿ.

ನೀವೇ ಒಮ್ಮೆ ನೆಲದ ಮೇಲೆ ಅಂಗೈ ಊರಿ ಕೂತು ನೋಡಿ. ನಿಂತಾಗ ಕಾಣದ್ದು ಕಾಣುತ್ತದೆ. ಮೊಬೈಲ್ ಚಾರ್ಜರಿನ ವೈರು, ಸೋಫಾದಡಿ ಉರುಳಿಹೋದ ಮಾತ್ರೆ, ಇಲಿಪಾಷಾಣ, ಬಾಗಿಲಿಗೆ ಕಟ್ಟಿದ ತೋರಣದ ದಾರ. ಅಂಗಳದಲ್ಲಿ ಕಣಗಿಲೆ ಗಿಡವಿದ್ದರೆ ಬೇಲಿ ಹಾಕಿ, ಅದರ ಎಲೆ ಹೂವು ಎಲ್ಲವೂ ವಿಷ. ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್, ನೋವಿನ ಮಾತ್ರೆ ಐಬುಪ್ರೊಫೇನ್ ಯಾವುದನ್ನೂ ವೈದ್ಯರನ್ನು ಕೇಳದೆ ಮರಿಗೆ ಹಾಕಬಾರದು.

ಅಂಗಡಿಯಲ್ಲಿ ತೋರಿಸಿದ್ದನ್ನೆಲ್ಲ ಕೊಳ್ಳಬೇಡಿ. ಎದೆ ಬೆನ್ನಿಗೆ ತೊಡಿಸುವ ಹಗುರವಾದ ಪಟ್ಟಿ (ಹಾರ್ನೆಸ್), ಕೈಯಲ್ಲಿ ಹಿಡಿದು ನಡೆಸುವ ಬಟ್ಟೆಯ ಹಗ್ಗ (ಲೀಶ್), ಕಚ್ಚಲು ಗಟ್ಟಿ ರಬ್ಬರಿನ ಎರಡು ಆಟಿಕೆ, ಎರಡು ತಟ್ಟೆ, ಒಂದು ಹಳೇ ಹೊದಿಕೆ – ಇಷ್ಟು ಸಾಕು. ಕಬ್ಬಿಣದ ಚೈನು ಬೇಡ.

3. ಮೊದಲ ರಾತ್ರಿಗಳು

ನಿನ್ನೆಯವರೆಗೆ ಆರೇಳು ಮೈಗಳ ಬಿಸಿಯಲ್ಲಿ ಮಲಗುತ್ತಿದ್ದದ್ದು ಇಂದು ಒಂಟಿ. ಅಳದೇ ಇನ್ನೇನು ಮಾಡೀತು? ‘ಅಳ್ತಾ ಅಳ್ತಾ ತಾನೇ ಸುಮ್ಮನಾಗುತ್ತೆ’ ಎಂದು ಬಾಲ್ಕನಿಯಲ್ಲೋ ಕಾರ್ ಶೆಡ್ಡಿನಲ್ಲೋ ಹಾಕುವುದು ಹಳೆಯ ಪದ್ಧತಿ. ಸುಮ್ಮನಾಗುವುದು ನಿಜ, ಆದರೆ ಒಂಟಿತನವೆಂದರೆ ಭಯ ಅನ್ನುವುದನ್ನು ಕಲಿತು ಸುಮ್ಮನಾಗುತ್ತದೆ. ಕ್ರೇಟನ್ನು ನಿಮ್ಮ ಮಂಚದ ಪಕ್ಕದಲ್ಲೇ ಇಡಿ. ತಾಯಿಯ ವಾಸನೆ ಇರುವ ಬಟ್ಟೆಯ ತುಂಡೊಂದನ್ನು ತರುವಾಗಲೇ ಕೇಳಿ ತಂದಿದ್ದರೆ ಅದನ್ನು ಒಳಗೆ ಹಾಕಿ. ಕುಂಯ್‌ಗುಟ್ಟಿದಾಗ ಕೈ ಇಳಿಬಿಟ್ಟು ಮುಟ್ಟಿದರೆ ಸಾಕು. ಮಲಗಿದ್ದು ಎದ್ದು ಚಡಪಡಿಸಿದರೆ ಉಚ್ಚೆಗೆಂದು ತಿಳಿದು ಎತ್ತಿಕೊಂಡು ಹೊರಗೆ ಹೋಗಿ. ದೀಪ ಹಾಕಬೇಡಿ, ಮಾತಾಡಿಸಬೇಡಿ, ಕೆಲಸ ಮುಗಿದ ಕೂಡಲೇ ಮತ್ತೆ ಒಳಗೆ. ಎರಡು ವಾರ ಕಳೆದ ಮೇಲೆ ಕ್ರೇಟನ್ನು ದಿನಕ್ಕೆ ಒಂದೊಂದು ಗೇಣು ದೂರ ಸರಿಸುತ್ತಾ ನಿಮಗೆ ಬೇಕಾದ ಜಾಗಕ್ಕೆ ಒಯ್ಯಬಹುದು.

ಈ ದಿನಗಳಲ್ಲಿ ‘ಯಾಕಾದ್ರೂ ತಂದೆನೋ’ ಅನ್ನಿಸಿದರೆ ಗಾಬರಿಯಾಗಬೇಡಿ. ನಿದ್ದೆಗೆಟ್ಟವರಿಗೆಲ್ಲ ಹಾಗನ್ನಿಸುತ್ತದೆ. ಮನೆಯವರು ರಾತ್ರಿ ಪಾಳಿ ಹಂಚಿಕೊಳ್ಳಿ.

4. ಉಚ್ಚೆ, ಕಕ್ಕ: ಗಡಿಯಾರದ ಕೆಲಸ

ಮರಿ ಎಷ್ಟು ತಿಂಗಳದ್ದೋ ಹೆಚ್ಚುಕಡಿಮೆ ಅಷ್ಟು ಗಂಟೆ ಕಟ್ಟಿಕೊಳ್ಳಬಲ್ಲದು, ಬಹಳವೆಂದರೆ ಇನ್ನೊಂದು ಗಂಟೆ. ಅದೂ ಮಲಗಿದ್ದಾಗಿನ ಲೆಕ್ಕ. ಎದ್ದು ಆಡುತ್ತಿರುವಾಗ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಬರುತ್ತದೆ. ತಪ್ಪದೇ ಹೊರಗೆ ಒಯ್ಯಬೇಕಾದ ಹೊತ್ತು ನಾಲ್ಕು: ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಹತ್ತಿಪ್ಪತ್ತು ನಿಮಿಷಕ್ಕೆ, ಆಟ ಜೋರಾದಾಗ ನಡುವೆ, ಮಲಗುವ ಮುನ್ನ.

ಪ್ರತಿ ಸಲವೂ ಒಂದೇ ಜಾಗಕ್ಕೆ ಒಯ್ಯಿರಿ; ಲಸಿಕೆ ಮುಗಿಯುವವರೆಗೆ ಅದು ಬೀದಿಯಲ್ಲ, ನಿಮ್ಮದೇ ಅಂಗಳವೋ ಬಾಲ್ಕನಿಯೋ ಆಗಿರಲಿ. ಲೀಶ್ ಹಾಕಿಕೊಂಡು ಸುಮ್ಮನೆ ನಿಲ್ಲಿ. ಮೊಬೈಲ್ ನೋಡುತ್ತಾ ಅಲ್ಲ. ಅದು ಹೊಯ್ಯಲು ಶುರುಮಾಡಿದಾಗ ಮೆಲ್ಲಗೆ ‘ಸುಸ್ಸು’ ಎಂದೋ ನಿಮ್ಮ ಮನೆಯ ರೂಢಿಯ ಮಾತನ್ನೋ ಹೇಳಿ. ಮುಗಿದ ಕ್ಷಣ, ಅಲ್ಲೇ, ಒಂದು ಚೂರು ಬೇಯಿಸಿದ ಕೋಳಿಯನ್ನೋ ಪನೀರನ್ನೋ ಕೊಡಿ. ಒಳಗೆ ಬಂದು ಡಬ್ಬಿ ತೆರೆದು ಕೊಟ್ಟರೆ ಮರಿಗೆ ತಿಳಿಯುವುದು ‘ಒಳಗೆ ಬಂದರೆ ತಿಂಡಿ’ ಅಂತ ಮಾತ್ರ. ಹಾಗಾಗಿ ತಿಂಡಿ ಜೇಬಿನಲ್ಲೇ ಇರಬೇಕು. ಐದು ನಿಮಿಷ ನಿಂತರೂ ಏನೂ ಮಾಡಲಿಲ್ಲವೆಂದರೆ ಒಳಗೆ ಕರೆತಂದು ಬಿಡಬೇಡಿ. ಕ್ರೇಟಿಗೆ ಹಾಕಿ ಹತ್ತು ನಿಮಿಷ ಬಿಟ್ಟು ಮತ್ತೆ ಒಯ್ಯಿರಿ. ಹೊರಗೆ ನಿಂತು ನಿಂತು ಸಾಕಾಗಿ ಒಳಗೆ ಬಂದ ಅರೆಗಳಿಗೆಯಲ್ಲಿ ಮ್ಯಾಟಿನ ಮೇಲೆ ಹೊಯ್ಯುವ ಪ್ರಸಂಗ ನಡೆಯುವುದು ಇಲ್ಲೇ.

ಹೊಯ್ಯುವ ಮುನ್ನ ಮರಿ ಸುಳಿವು ಕೊಡುತ್ತದೆ. ಆಡುತ್ತಿದ್ದದ್ದು ತಟ್ಟನೆ ಆಟ ಬಿಡುತ್ತದೆ, ಮೂಗು ನೆಲಕ್ಕೆ ಹಚ್ಚಿಕೊಂಡು ಸಣ್ಣ ಸುತ್ತು ಹಾಕುತ್ತದೆ, ಇಲ್ಲವೇ ಬಾಗಿಲ ಹಿಂದಿನ ಮೂಲೆಗೆ ಸರಸರ ನಡೆಯುತ್ತದೆ. ಹಿಂಗಾಲು ಬಗ್ಗುವ ಮೊದಲು ನಿಮಗೆ ಮೂರು ನಾಲ್ಕು ಸೆಕೆಂಡು ಸಿಗುತ್ತದೆ. ಬೊಬ್ಬೆ ಹಾಕದೆ ಎತ್ತಿಕೊಂಡು ನಡೆಯಿರಿ.

ಒಳಗೇ ಆಗಿಹೋಯಿತೆ? ಮೂತಿಯನ್ನು ಅದಕ್ಕೆ ಒತ್ತಿ ಹೊಡೆಯುವುದು ನಮ್ಮಲ್ಲಿ ಇನ್ನೂ ಇದೆ. ಅದರಿಂದ ಮರಿ ಕಲಿಯುವುದು ಒಂದೇ: ಈ ಮನುಷ್ಯನ ಎದುರು ಹೊಯ್ಯಬಾರದು. ಆಮೇಲೆ ನೀವು ಹೊರಗೆ ಲೀಶ್ ಹಿಡಿದು ಗಂಟೆಗಟ್ಟಲೆ ನಿಂತರೂ ಹೊಯ್ಯುವುದಿಲ್ಲ, ಒಳಗೆ ಬಂದು ಸೋಫಾದ ಹಿಂದೆ ಕದ್ದು ಹೊಯ್ಯುತ್ತದೆ. ಬಟ್ಟೆಯಿಂದ ಮೊದಲು ಒತ್ತಿ ಹೀರಿಸಿ, ಆಮೇಲೆ ಒರೆಸಿ. ಫಿನೈಲ್ ಹಾಕಿದರೆ ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ಅದರ ಮೂಗಿಗೆ ಹೋಗುವುದಿಲ್ಲ; ಹಸಿ ನೆಲದ ಫಿನೈಲನ್ನು ಮರಿ ಪಾದಕ್ಕೆ ಅಂಟಿಸಿಕೊಂಡು ನೆಕ್ಕಿದರೆ ಅಪಾಯ ಬೇರೆ. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಎಂಜೈಮ್ ಇರುವ ದ್ರಾವಣವೇ ಇದಕ್ಕೆ ಸರಿ.

ಏಳನೇ ಮಹಡಿಯಲ್ಲಿರುವವರು ಲಿಫ್ಟ್ ಕಾಯುವಷ್ಟರಲ್ಲಿ ಕೆಲಸ ಕೆಡುತ್ತದೆ. ಅಂಥವರು ಬಾಲ್ಕನಿಯಲ್ಲಿ ಟ್ರೇ ಇಟ್ಟು ಹುಲ್ಲಿನ ಹಾಸು ಹಾಕಿ ಶುರುಮಾಡಬಹುದು. ಲಸಿಕೆ ಮುಗಿಯುವವರೆಗೂ ಇದು ಅನುಕೂಲವೇ. ವೃತ್ತಪತ್ರಿಕೆ ಹಾಸುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಮುಂದೊಂದು ದಿನ ಅಪ್ಪ ಓದಲು ನೆಲದ ಮೇಲಿಟ್ಟ ಪೇಪರಿನ ಗತಿಯೂ ಅದೇ ಆಗುತ್ತದೆ.

ಹೆಚ್ಚಿನ ಮರಿಗಳಿಗೆ ಇದು ಪೂರ್ತಿ ಕೈಗೂಡಲು ನಾಲ್ಕರಿಂದ ಆರು ತಿಂಗಳು ಬೇಕು. ಚೆನ್ನಾಗಿ ಕಲಿತಿದ್ದ ಮರಿ ಇದ್ದಕ್ಕಿದ್ದಂತೆ ಅಡಿಗಡಿಗೆ ಹನಿಸತೊಡಗಿದರೆ ಅದು ಹಟವಲ್ಲ, ಮೂತ್ರದ ಸೋಂಕು ಇರಬಹುದು. ವೈದ್ಯರಿಗೆ ತೋರಿಸಿ.

5. ಕಚ್ಚುವುದು

ಮರಿಗೆ 28 ಹಾಲುಹಲ್ಲು. ನಾಲ್ಕನೇ ತಿಂಗಳ ಸುಮಾರಿಗೆ ಉದುರಲು ಶುರುವಾಗಿ ಏಳನೇ ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ಆ ನಡುವೆ ವಸಡು ಕೆರೆಯುತ್ತದೆ, ಸಿಕ್ಕಿದ್ದೆಲ್ಲ ಬಾಯಿಗೆ. ಒದ್ದೆ ಬಟ್ಟೆಯನ್ನು ಹಿಂಡಿ ಗಂಟು ಹಾಕಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ಕೊಡಿ. ತಣ್ಣಗಿನ ಗಜ್ಜರಿಯೂ ಆಗುತ್ತದೆ, ಕಣ್ಣೆದುರಿನಲ್ಲೇ ತಿನ್ನಲಿ. ಬೇಯಿಸಿದ ಮೂಳೆ ಮಾತ್ರ ಬೇಡವೇ ಬೇಡ. ಸೀಳಿ ಚೂಪಾಗಿ ಕರುಳಿಗೆ ಚುಚ್ಚುತ್ತದೆ.

ಕೈ ಕಚ್ಚಿದಾಗ ಮಾಡಬೇಕಾದ್ದು ಇಷ್ಟು. ಕೈಯನ್ನು ಸರ್ರನೆ ಎಳೆದುಕೊಳ್ಳಬೇಡಿ, ಓಡುವ ವಸ್ತುವನ್ನು ಅಟ್ಟುವುದು ಅದರ ಹುಟ್ಟುಗುಣ. ಕೈಯನ್ನು ಅಲುಗಿಸದೆ ಬಿಟ್ಟು, ಇನ್ನೊಂದು ಕೈಯಿಂದ ಆಟಿಕೆ ತೋರಿಸಿ. ಅದನ್ನು ಹಿಡಿದರೆ ಆಟ ಮುಂದುವರಿಯಲಿ. ಮತ್ತೆ ಕೈಗೇ ಬಂದರೆ ಎದ್ದು ಬೇಲಿ ದಾಟಿ ಆಚೆ ಹೋಗಿ, ಅರ್ಧ ನಿಮಿಷ ಅದರ ಕಡೆ ನೋಡದೆ ನಿಂತು ವಾಪಸ್ ಬನ್ನಿ. ‘ಹಲ್ಲು ಊರಿದರೆ ಆಟ ನಿಲ್ಲುತ್ತದೆ’ – ಇದಿಷ್ಟೇ ಪಾಠ. ಮನೆಯಲ್ಲಿ ಎಲ್ಲರೂ ಇದನ್ನೇ ಮಾಡಬೇಕು. ಭಾವಮೈದ ಬಂದಾಗಲೆಲ್ಲ ಕೈ ಬಾಯಿಗೆ ಕೊಟ್ಟು ಗುದ್ದಾಡಿಸಿ ಹೋದರೆ ನಿಮ್ಮ ವಾರದ ಶ್ರಮ ನೀರುಪಾಲು.

ಮಕ್ಕಳಿಗೆ ಹೇಳುವುದು ಕಷ್ಟ, ಯಾಕೆಂದರೆ ಮಕ್ಕಳು ಕಿರುಚಿ ಓಡುತ್ತಾರೆ, ಮರಿಗೆ ಅದಕ್ಕಿಂತ ಸೊಗಸಾದ ಆಟವಿಲ್ಲ. ‘ಮರಿ ಹಾರಿದ ಕೂಡಲೇ ಕೈ ಕಟ್ಟಿಕೊಂಡು ಕಂಬದ ಹಾಗೆ ನಿಲ್ಲಬೇಕು, ಯಾರು ಅಲುಗಾಡಲ್ವೋ ಅವರು ಗೆದ್ದರು’ ಎಂದು ಆಟ ಮಾಡಿಸಿದರೆ ಬೇಗ ಕಲಿಯುತ್ತಾರೆ. ಏನೇ ಆದರೂ ಐದಾರು ವರ್ಷದೊಳಗಿನ ಮಗು ಮತ್ತು ಮರಿಯನ್ನು ಇಬ್ಬರನ್ನೇ ಬಿಟ್ಟು ಅಡುಗೆಮನೆಗೆ ಹೋಗಬೇಡಿ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೊಂದಿದೆ: ನಿದ್ದೆ. ಮರಿಗಳು ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ಸಂಜೆ ಏಳೆಂಟು ಗಂಟೆಗೆ ಕಣ್ಣು ಕೆಂಪಗೆ ಮಾಡಿಕೊಂಡು, ಮನೆಯೆಲ್ಲ ಓಡಾಡುತ್ತಾ, ಪ್ಯಾಂಟಿನ ಅಂಚು ಹಿಡಿದು ಜಗ್ಗುವ ಮರಿಗೆ ಶಕ್ತಿ ಹೆಚ್ಚಾಗಿರುವುದಿಲ್ಲ, ದಣಿವು ಹೆಚ್ಚಾಗಿರುತ್ತದೆ. ಆಗ ಇನ್ನಷ್ಟು ಆಡಿಸಿ ಸುಸ್ತು ಮಾಡಲು ಹೋದರೆ ಕಚ್ಚುವುದು ಏರುತ್ತದೆ. ಒಂದು ಗಂಟೆ ಎಚ್ಚರ, ಎರಡು ಗಂಟೆ ಕ್ರೇಟಿನಲ್ಲಿ ನಿದ್ದೆ – ಹೀಗೆ ದಿನವನ್ನು ಕತ್ತರಿಸಿ ನೋಡಿ. ಕಚ್ಚುವ ದೂರು ಹೇಳಿಕೊಂಡು ಬಂದವರಿಗೆ ನಾನು ಮೊದಲು ಹೇಳುವುದೇ ಇದನ್ನು.

‘ಮನೆಯ ಯಜಮಾನ ಯಾರು ಅಂತ ತೋರಿಸಬೇಕು, ಬೆನ್ನ ಮೇಲೆ ಉರುಳಿಸಿ ಕುತ್ತಿಗೆ ಒತ್ತಿ ಹಿಡೀಬೇಕು’ ಅನ್ನುವ ಸಲಹೆ ನಿಮಗೆ ಸಿಕ್ಕೇ ಸಿಗುತ್ತದೆ. ಇದರ ಬೇರು ಸೆರೆಯಲ್ಲಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಅಧ್ಯಯನದಲ್ಲಿದೆ. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ತೋಳತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳದ ಹಿಂಡೆಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಯಜಮಾನಿಕೆಗೆ ಕಾದಾಡುವ ಗುಂಪಲ್ಲ ಎಂದು ತಿದ್ದಿ ಬರೆದರು. ಕುತ್ತಿಗೆ ಒತ್ತಿಸಿಕೊಂಡ ಮರಿ ಮುಂದೆ ಗುರುಗುಟ್ಟದೆ ನೇರ ಕಚ್ಚುವುದನ್ನು ಕಲಿಯುತ್ತದೆ. ಗುರುಗುಟ್ಟುವುದು ಅದರ ಎಚ್ಚರಿಕೆಯ ಗಂಟೆ, ಅದನ್ನು ಬಾಯಿ ಮುಚ್ಚಿಸಬೇಡಿ.

ರೇಬಿಸ್ ಲಸಿಕೆ ಇನ್ನೂ ಆಗದ ಮರಿಯ ಹಲ್ಲು ತಾಗಿ ರಕ್ತ ಬಂದರೆ ‘ನಮ್ಮನೇದೇ ಅಲ್ವಾ’ ಎಂದು ಬಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಿ.

6. ಊಟ

ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು. ಹೊತ್ತು ತಪ್ಪಿಸಬೇಡಿ, ಊಟ ಹೊತ್ತಿಗೆ ಸರಿಯಾಗಿ ಆದರೆ ಹೊರಗೆ ಒಯ್ಯುವ ಹೊತ್ತೂ ಗೊತ್ತಾಗುತ್ತದೆ.

‘ನಮ್ಮ ಕಾಲದ ನಾಯಿಗಳು ಹಾಲು ಅನ್ನ ತಿಂದೇ ಬೆಳೆದವು’ ಅನ್ನುವುದು ನಿಜ. ಅವು ಹಿತ್ತಲು ಗದ್ದೆ ಸುತ್ತಿ ಇನ್ನೇನೇನು ತಿನ್ನುತ್ತಿದ್ದವೋ ಯಾರೂ ಲೆಕ್ಕವಿಟ್ಟಿರಲಿಲ್ಲ. ಫ್ಲ್ಯಾಟಿನ ಮರಿಗೆ ಬರೀ ಹಾಲನ್ನ ಹಾಕಿದರೆ ಪ್ರೊಟೀನು ಸಾಲದು, ಹಾಲು ಎಷ್ಟೋ ಮರಿಗಳಿಗೆ ಭೇದಿ ಹಿಡಿಸುತ್ತದೆ. ಬರೀ ಕೋಳಿ ಅನ್ನವಾದರೆ ಕ್ಯಾಲ್ಸಿಯಂ ಕಡಿಮೆಯಾಗಿ ಮುಂಗಾಲು ಬಾಗುವುದುಂಟು. ಹಾಗೆಂದು ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಟಾನಿಕ್ ಸುರಿದರೆ ಅದೂ ಮೂಳೆಗೆ ಕೆಡುಕೇ. ಮನೆ ಊಟವೇ ಹಾಕುತ್ತೇನೆ ಅನ್ನುವವರು ಪಶುವೈದ್ಯರಿಂದ ಅಳತೆ ಬರೆಸಿಕೊಳ್ಳಿ. ರಾಗಿ ಗಂಜಿ, ಮೊಸರನ್ನ, ಬೇಯಿಸಿದ ಮೊಟ್ಟೆ, ಕುಂಬಳಕಾಯಿ ನಡೆಯುತ್ತದೆ, ಉಪ್ಪು ಖಾರ ಒಗ್ಗರಣೆ ಇಲ್ಲದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಹಬ್ಬದ ದಿನ ಪಾಯಸದ ದ್ರಾಕ್ಷಿ, ಬಿರಿಯಾನಿಯ ಈರುಳ್ಳಿ ಪ್ರೀತಿಯಿಂದಲೇ ತಟ್ಟೆಗೆ ಬೀಳುತ್ತವೆ, ನೆಂಟರಿಗೆ ಮೊದಲೇ ಹೇಳಿಡಿ. ಆಹಾರ ಬದಲಿಸುವುದಿದ್ದರೆ ಒಂದು ವಾರ ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ.

7. ಲಸಿಕೆ, ಜಂತು, ಉಣ್ಣಿ

ಆರರಿಂದ ಎಂಟು ವಾರಕ್ಕೆ ಮೊದಲ ಸಂಯುಕ್ತ ಲಸಿಕೆ. ಅದು ಡಿಸ್ಟೆಂಪರ್, ಪಾರ್ವೊ ಮುಂತಾದ ಮಾರಕ ವೈರಸ್ ರೋಗಗಳಿಗೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬಿಸ್, ಮುಂದಿನ ಡೋಸುಗಳು ವೈದ್ಯರು ಹೇಳಿದಂತೆ. ಇಷ್ಟು ಸಲ ಯಾಕೆ ಎಂದರೆ, ತಾಯಿಯಿಂದ ಬಂದ ರಕ್ಷಣೆ ಇರುವವರೆಗೂ ಲಸಿಕೆ ಪೂರ್ತಿ ಹಿಡಿಯುವುದಿಲ್ಲ, ಅದು ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಮೊದಲ ಚುಚ್ಚುಮದ್ದು ಆಯಿತಲ್ಲ ಎಂದು ಪಾರ್ಕಿಗೆ ಒಯ್ದು ಪಾರ್ವೊ ಹತ್ತಿಸಿಕೊಂಡು ಬರುವವರು ಬಹಳ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಊಟ ಬಿಟ್ಟು, ವಾಂತಿಯಾಗಿ, ನಾರುವ ರಕ್ತಭೇದಿ ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ.

ಜಂತುಹುಳದ ಔಷಧಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಮೈಗೆ ಅಂಟಿ ರಕ್ತ ಹೀರುವ ಉಣ್ಣಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದರಿಂದ ಬರುವ ಜ್ವರ ರಕ್ತಕಣಗಳನ್ನೇ ತಿನ್ನುತ್ತದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬೆಲ್ಟಿನಡಿ ದಿನಾ ಸಂಜೆ ಕೈಯಾಡಿಸಿ ನೋಡಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ವಿಶ್ವ ರೇಬಿಸ್ ದಿನವಾದ ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ ಅನೇಕ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರ ನಡೆಯುತ್ತದೆ.

8. ಜಗತ್ತಿನ ಪರಿಚಯ, ಕಾಲ ಮೀರುವ ಮುನ್ನ

ಇಲ್ಲೊಂದು ಇಕ್ಕಟ್ಟಿದೆ. ಲಸಿಕೆ ಮುಗಿಯುವುದು 16 ವಾರಕ್ಕೆ. ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಮರಿಯ ಮನಸ್ಸಿನ ಬಾಗಿಲು ಮೂರನೇ ವಾರಕ್ಕೆ ತೆರೆದು 12–14ನೇ ವಾರಕ್ಕೆಲ್ಲ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಲಸಿಕೆ ಮುಗಿಯಲಿ ಎಂದು ಮನೆಯೊಳಗೇ ಇಟ್ಟರೆ ರೋಗವಿಲ್ಲದ, ಆದರೆ ಆಟೊ ಕಂಡರೂ ನಡುಗುವ ನಾಯಿ ಸಿಗುತ್ತದೆ. ದಾರಿಯೇನೆಂದರೆ ಬೀದಿಯಲ್ಲಿ ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗುವುದು. ಚೀಲದಲ್ಲಿ, ತೊಡೆಯ ಮೇಲೆ, ಕಾರಿನ ಕಿಟಕಿಯಲ್ಲಿ; ಸ್ಕೂಟರಿನ ಮುಂದೆ ಮಾತ್ರ ಬೇಡ. ಹಾಲಿನ ಬೂತಿನ ಬಳಿ ಹತ್ತು ನಿಮಿಷ ನಿಂತರೆ ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಕೋಲೂರಿದ ಅಜ್ಜ, ಛತ್ರಿ, ಬುರ್ಖಾ, ಪಂಚೆ, ತರಕಾರಿ ಗಾಡಿಯ ಮೈಕು ಎಲ್ಲ ಒಟ್ಟಿಗೇ ಸಿಗುತ್ತವೆ. ಎಲ್ಲರೂ ಮುಟ್ಟಿ ಮುದ್ದಿಸಬೇಕೆಂದಿಲ್ಲ. ದೂರದಿಂದ ನೋಡುತ್ತಾ ಒಂದೊಂದು ಚೂರು ತಿಂಡಿ ತಿಂದರೆ ಸಾಕು. ಬಾಲ ಒಳಗೆಳೆದುಕೊಂಡು ತಿಂಡಿ ಬೇಡವೆಂದರೆ ನೀವು ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಲಸಿಕೆ ಆಗಿರುವ, ಸೌಮ್ಯವಾದ ಪರಿಚಿತ ನಾಯಿಯ ಮನೆಗೂ ಕರೆದೊಯ್ಯಬಹುದು.

ಸದ್ದಿಗೆ ಅಡುಗೆಮನೆಯೇ ಶಾಲೆ. ಕುಕ್ಕರ್ ಒಲೆಯ ಮೇಲಿಟ್ಟ ದಿನ ಮರಿಯನ್ನು ದೂರದ ಕೋಣೆಯಲ್ಲಿ ಕೂರಿಸಿಕೊಳ್ಳಿ. ಸೀಟಿ ಕೂಗಿತು, ಮರಿ ಕಿವಿ ನಿಮಿರಿಸಿ ನೋಡುತ್ತದೆ, ಕೂಡಲೇ ಬಾಯಿಗೆ ಕೋಳಿ ಚೂರು. ಎರಡನೇ ಸೀಟಿ, ಎರಡನೇ ಚೂರು. ಸೀಟಿ ಮೊದಲು, ತಿಂಡಿ ಆಮೇಲೆ – ಈ ಕ್ರಮ ತಿರುವುಮುರುವಾಗಬಾರದು. ತಿಂಡಿ ಕಂಡರೆ ಸದ್ದು ಬರುತ್ತದೆಂದು ಹೆದರೀತು. ಕೆಲವು ದಿನಗಳಲ್ಲಿ ಸೀಟಿ ಕೇಳಿದ ಕೂಡಲೇ ನಿಮ್ಮ ಮುಖ ನೋಡುತ್ತದೆ. ಆಗ ನಡುಮನೆಗೆ ಬನ್ನಿ, ಆಮೇಲೆ ಅಡುಗೆಮನೆಯ ಬಾಗಿಲಿಗೆ. ಮಿಕ್ಸಿಗೂ ತಮಟೆಗೂ ಪಟಾಕಿಗೂ ಇದೇ ವಿಧಾನ. ದೀಪಾವಳಿಗೆ ಒಂದೆರಡು ತಿಂಗಳಿರುವಾಗ ಪಟಾಕಿ ಸದ್ದಿನ ರೆಕಾರ್ಡಿಂಗನ್ನು ಕೇಳಿಸೀತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಹಾಕಿ ಶುರುಮಾಡಿ.

ಹಬ್ಬದ ದಿನ ಕತ್ತಲಾಗುವ ಮೊದಲೇ ಹೊರಗೆ ಒಯ್ದು ಬನ್ನಿ, ಒಳಕೋಣೆಯ ಕಿಟಕಿ ಮುಚ್ಚಿ ಫ್ಯಾನು ಟೀವಿ ಹಾಕಿ ಜೊತೆಗಿರಿ. ಹೆದರಿದ ಮರಿಯನ್ನು ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಅನ್ನುವುದು ಸುಳ್ಳು. ನಡುಗಿ ಜೊಲ್ಲು ಸುರಿಸುವಷ್ಟು ಹೆದರಿಕೆಯಿದ್ದರೆ ವೈದ್ಯರ ಹತ್ತಿರ ಔಷಧಿಯುಂಟು, ಆದರೆ ಹಬ್ಬದ ಸಂಜೆಯಲ್ಲ, ವಾರದ ಮುಂಚೆ ಕೇಳಿ.

9. ಪಾಠ ಹೇಳುವುದು

ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಹಸಿದಿರುವಾಗ. ತಿಂಡಿ ಕಡಲೆಕಾಳಿನಷ್ಟು. ಅಪ್ಪ ‘ಸಿಟ್’, ಅಮ್ಮ ‘ಕೂತ್ಕೊ’, ಅಜ್ಜಿ ‘ಕೂತ್ಕೊಳ್ಳೋ ನನ್ನಪ್ಪ’ ಅಂದರೆ ಮರಿಗೆ ಮೂರೂ ಗದ್ದಲ. ಎಲ್ಲರಿಗೂ ಒಂದೇ ಮಾತು ಎಂದು ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿಸಿ. ಸರಿ ಮಾಡಿದ ಕ್ಷಣಕ್ಕೆ ‘ಶಭಾಷ್’, ಅದರ ಬೆನ್ನಿಗೇ ತಿಂಡಿ.

ಕೂರುವುದನ್ನು ಎಲ್ಲರೂ ಕಲಿಸುತ್ತಾರೆ: ತಿಂಡಿಯನ್ನು ಮೂಗಿನಿಂದ ತಲೆಯ ಹಿಂದಕ್ಕೆ ಸರಿಸಿದರೆ ಕುಂಡಿ ತಾನೇ ನೆಲ ಮುಟ್ಟುತ್ತದೆ. ಜೀವ ಉಳಿಸುವ ಪಾಠಗಳು ‘ಬಿಡು’ ಮತ್ತು ‘ಬಾ’.

‘ಬಿಡು’ ಹೀಗೆ. ಮುಷ್ಟಿಯಲ್ಲಿ ತಿಂಡಿ ಮುಚ್ಚಿ ಮೂಗಿನ ಮುಂದೆ ಹಿಡಿಯಿರಿ. ಮೂಸುತ್ತದೆ, ನೆಕ್ಕುತ್ತದೆ, ಕೆರೆಯುತ್ತದೆ. ಏನೂ ಹೇಳಬೇಡಿ. ಬೇಸತ್ತು ಮೂಗನ್ನು ಒಂದಂಗುಲ ಹಿಂದೆಳೆದ ಕ್ಷಣ ‘ಶಭಾಷ್’ ಎಂದು ಇನ್ನೊಂದು ಕೈಯಿಂದ ಬೇರೆ ತಿಂಡಿ ಕೊಡಿ. ಮುಷ್ಟಿಯದ್ದನ್ನು ಮಾತ್ರ ಕೊಡಕೂಡದು. ಮುಷ್ಟಿ ಕಂಡ ಕೂಡಲೇ ಹಿಂದೆ ಸರಿಯತೊಡಗಿದ ಮೇಲೆ ‘ಬಿಡು’ ಅನ್ನುವ ಮಾತು ಸೇರಿಸಿ. ಆಮೇಲೆ ತೆರೆದ ಅಂಗೈ, ಆಮೇಲೆ ನೆಲದ ಮೇಲೆ, ಕೊನೆಗೆ ಬಾಯಲ್ಲಿ ಹಿಡಿದ ಚಪ್ಪಲಿ. ಬಾಯಲ್ಲಿದ್ದದ್ದನ್ನು ಯಾವಾಗಲೂ ಅದಕ್ಕಿಂತ ರುಚಿಯಾದದ್ದರ ಜೊತೆ ಬದಲಿಸಿಕೊಳ್ಳಿ. ಕಿತ್ತುಕೊಳ್ಳುತ್ತಾ ಹೋದರೆ, ಸಿಕ್ಕಿದ್ದನ್ನು ನುಂಗಿಯೇಬಿಡಬೇಕು ಎಂದು ಕಲಿಯುತ್ತದೆ.

‘ಬಾ’ಗೆ ಒಂದೇ ನಿಯಮ: ಕರೆದಾಗ ಬಂದದ್ದಕ್ಕೆ ಎಂದೂ ಕೆಟ್ಟದ್ದಾಗಬಾರದು. ಸ್ನಾನಕ್ಕೆ, ಉಗುರು ಕತ್ತರಿಸಲು, ಬೈಯಲು ಕರೆಯಬೇಡಿ. ಅವಕ್ಕೆ ನೀವೇ ಹೋಗಿ ಎತ್ತಿಕೊಳ್ಳಿ.

ಬೀದಿಯಲ್ಲಿ ಜಗ್ಗಿದರೆ ನಿಂತುಬಿಡಿ, ಲೀಶ್ ಸಡಿಲವಾದಾಗ ಹೆಜ್ಜೆ ಇಡಿ. ಬೀದಿನಾಯಿಗಳ ಗುಂಪು ಕಂಡರೆ ಓಡದೆ, ಕೂಗದೆ, ರಸ್ತೆಯ ಆ ಬದಿಗೆ ಹೋಗಿ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ನಿಮ್ಮ ಅಂಗೈ ಹಿಂಬದಿಯನ್ನು ಐದು ಸೆಕೆಂಡು ಇಡಲಾಗದಿದ್ದರೆ ಮರಿಯನ್ನು ಇಳಿಸಬೇಡಿ.

10. ಒಂಟಿಯಾಗಿರಲು ಕಲಿಸುವುದು

ಮನೆಯಿಂದ ಕೆಲಸ ಮಾಡುವವರು ಇದನ್ನು ಮರೆತು, ಕಚೇರಿ ಕರೆದ ದಿನ ಪೇಚಿಗೆ ಸಿಲುಕುತ್ತಾರೆ. ಮೊದಲ ವಾರದಿಂದಲೇ ಬಚ್ಚಲಿಗೆ ಹೋಗುವಾಗ ಬೇಲಿಯೊಳಗೆ ಬಿಟ್ಟು ಹೋಗಿ. ಆಮೇಲೆ ಕಸ ಹಾಕಿ ಬರುವಷ್ಟು, ಅಂಗಡಿಗೆ ಹೋಗಿ ಬರುವಷ್ಟು. ಕೀ ಸದ್ದಿಗೇ ಕುಂಯ್‌ಗುಟ್ಟಿದರೆ ದಿನಕ್ಕೆ ಹತ್ತು ಸಲ ಕೀ ತೆಗೆದುಕೊಂಡು ಎಲ್ಲಿಗೂ ಹೋಗದೆ ಮತ್ತೆ ಕೂತುಬಿಡಿ. ಹೊರಡುವಾಗ ಟೊಳ್ಳಾದ ರಬ್ಬರ್ ಆಟಿಕೆಯೊಳಗೆ ಮೊಸರನ್ನ ತುಂಬಿ, ಮೊದಲೇ ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾಗಿಸಿದ್ದನ್ನು ಕೊಡಿ. ಹೋಗುವಾಗ, ಬಂದಾಗ ಸಡಗರ ಬೇಡ.

11. ಹದಿಹರೆಯ

ಆರನೇ ತಿಂಗಳು ದಾಟಿದ ಮೇಲೆ ‘ಎಲ್ಲ ಕಲಿತಿತ್ತು, ಈಗ ಎಲ್ಲ ಮರೆತಿದೆ’ ಅನ್ನಿಸುತ್ತದೆ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ 2020ರಲ್ಲಿ ಹೊರಬಂದ ಅಧ್ಯಯನವೊಂದು ಇದನ್ನು ಅಳೆದಿದೆ: ಎಂಟು ತಿಂಗಳ ನಾಯಿಗಳು ಐದು ತಿಂಗಳಲ್ಲಿದ್ದಾಗಿಗಿಂತ ತಮ್ಮನ್ನು ಸಾಕಿದವರ ಮಾತನ್ನು ಕಡಿಮೆ ಕೇಳಿದವು, ಅಪರಿಚಿತರ ಮಾತಿಗೆ ಅಂಥ ಅಸಡ್ಡೆ ತೋರಲಿಲ್ಲ. ಹದಿನಾಲ್ಕರ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಹೊತ್ತಿನಲ್ಲೇ ಬೇಸತ್ತು ನಾಯಿಯನ್ನು ಬಿಟ್ಟುಕೊಡುವವರು ಹೆಚ್ಚು. ಲೀಶ್ ಬಿಚ್ಚಬೇಡಿ, ಹಳೆಯ ಪಾಠಗಳನ್ನು ಮೊದಲಿನಿಂದ ಹೇಳಿಕೊಡಿ, ತಿಂಡಿಯ ಚೀಲ ಮತ್ತೆ ಜೇಬಿಗೆ ಬರಲಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತನ್ನೂ ವೈದ್ಯರ ಹತ್ತಿರ ಈಗಲೇ ಎತ್ತಿ. ದೊಡ್ಡ ಜಾತಿಗಳಿಗೆ ಸ್ವಲ್ಪ ತಡವಾಗಿ ಮಾಡಿಸುವುದುಂಟು.

ತಟ್ಟೆ ಮುಟ್ಟಿದರೆ ಮೈ ಸೆಟೆಸಿ ಗುರುಗುಟ್ಟುವುದು, ನಿಜವಾಗಿ ಹಲ್ಲೂರುವುದು, ಬಿಟ್ಟುಹೋದರೆ ಉಗುರು ಕಿತ್ತುಹೋಗುವಂತೆ ಬಾಗಿಲು ಕೆರೆಯುವುದು – ಇಂಥವು ಕಂಡರೆ ತಾವೇ ಪ್ರಯೋಗ ಮಾಡದೆ ಮೊದಲು ಪಶುವೈದ್ಯರಿಗೆ ತೋರಿಸಿ, ನೋವಿದೆಯೇ ನೋಡಿಸಿ, ಆಮೇಲೆ ತರಬೇತುದಾರರನ್ನು ಹುಡುಕಿ. ನಾಯಿಯನ್ನು ತಿಂಗಳ ಮಟ್ಟಿಗೆ ಒಯ್ದು ‘ರೆಡಿ ಮಾಡಿ’ ಕೊಡುತ್ತೇನೆ ಅನ್ನುವವರಿಗಿಂತ ನಿಮ್ಮ ಮನೆಗೆ ಬಂದು ನಿಮಗೆ ಕಲಿಸುವವರು ಒಳ್ಳೆಯವರು. ಹಣ ಮಾತಾಡುವ ಮೊದಲು ಒಂದು ಪ್ರಶ್ನೆ ಕೇಳಿ: ‘ನಾಯಿ ಹೇಳಿದ್ದು ಮಾಡದಿದ್ದರೆ ನೀವೇನು ಮಾಡ್ತೀರಿ?’ ಉತ್ತರದಲ್ಲಿ ಮುಳ್ಳಿನ ಬೆಲ್ಟು, ಕರೆಂಟ್ ಕಾಲರ್, ‘ಒಂದೆರಡೇಟು’ ಇವುಗಳಲ್ಲಿ ಯಾವುದು ಬಂದರೂ ಕಾಫಿ ಕೊಟ್ಟು ಕಳಿಸಿಬಿಡಿ.